ಅಳುವೂ ಬರುತ್ತದೆ, ಕಿರಿಕಿರಿಯೂ ಆಗುತ್ತದೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ. ಕಷ್ಟದಲ್ಲಿರುವ ಕುಟುಂಬಕ್ಕೆ ಟಿವಿಯವರು ಹೊಸ ಮನೆ ಕಟ್ಟಿಕೊಡುವ ಕಾರ್ಯಕ್ರಮಗಳು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾನೂ ನಮ್ಮ ಅತ್ತೆಯೂ ಕೂತು ಅಮೆರಿಕದ 'ಎಕ್ಸ್‌ಟ್ರೀಮ್ ಮೇಕೋವರ್: ಹೋಮ್ ಎಡಿಷನ್' ಹಳೇ ಕಂತುಗಳನ್ನು ನೋಡುತ್ತೇವೆ. ಮುರುಕು ಮನೆ ಕೆಡವುತ್ತಾರೆ. ಒಂದೇ ವಾರದಲ್ಲಿ ಅರಮನೆಯಂಥ ಮನೆ ಏಳುತ್ತದೆ. ಕೊನೆಗೆ ಅಡ್ಡ ನಿಂತ ಬಸ್ಸು ಸರಿದಾಗ ಆ ಮನೆಯವರು ಅಳುತ್ತಾರೆ, ನಾವೂ ಅಳುತ್ತೇವೆ. ಟಿವಿ ಆರಿಸಿದ ಮೇಲೆ ಮಾತ್ರ ನನಗೆ ಏನೋ ಕಿರಿಕಿರಿ. ಇನ್ನೊಬ್ಬರ ಕಷ್ಟ ನೋಡಿ ಸಂಜೆ ಕಳೆದ ಹಾಗೆ. ನಮ್ಮ ಯಜಮಾನರು 'ಇದೆಲ್ಲ ಬರೀ ಜಾಹೀರಾತು' ಅನ್ನುತ್ತಾರೆ. ಅತ್ತೆ 'ಜಾಹೀರಾತಾದರೇನು, ಅವರಿಗೆ ಮನೆ ಸಿಕ್ಕಿತಲ್ಲ' ಅನ್ನುತ್ತಾರೆ. ನೀವೇನು ಹೇಳುತ್ತೀರಿ? ಅತ್ತೆಯದು ಇನ್ನೊಂದು ಪ್ರಶ್ನೆಯೂ ಇದೆ: ಪಕ್ಕದ ಮನೆಯವರಿಗೆ ಏನು ಕೊಟ್ಟರು?

ಉತ್ತರ: ನಿಮ್ಮ ಯಜಮಾನರು ಹೇಳಿದ್ದು ಸುಳ್ಳಲ್ಲ. ಎಬಿಸಿ ಚಾನೆಲ್ ಈ ಕಾರ್ಯಕ್ರಮವನ್ನು 2003ರ ಕೊನೆಯಲ್ಲಿ ಶುರು ಮಾಡಿ 2012ರವರೆಗೆ ನಡೆಸಿತು. ಸಿಯರ್ಸ್ ಅನ್ನುವ ದೊಡ್ಡ ಅಂಗಡಿ ಸರಣಿ ಮುಖ್ಯ ಪ್ರಾಯೋಜಕ. ಆ ಅಂಗಡಿಯ ಫ್ರಿಜ್, ವಾಷಿಂಗ್ ಮೆಷಿನ್ ಕತೆಯೊಳಗೇ ಬಂದು ಕೂರುತ್ತಿದ್ದವು. ಮನೆ ಕಟ್ಟುವ ವಾರ ಕುಟುಂಬವನ್ನು ರಜೆಗೆ ಕಳಿಸುತ್ತಿದ್ದರಲ್ಲ, ಎಷ್ಟೋ ಸಲ ಅದು ಡಿಸ್ನಿಯ ಪಾರ್ಕಿಗೇ. ಎಬಿಸಿ ಡಿಸ್ನಿಯವರದೇ ಚಾನೆಲ್. ಇನ್ನೊಂದು ಸಂಗತಿ ನಿಮ್ಮ ಯಜಮಾನರಿಗೆ ಇಷ್ಟವಾಗಬಹುದು. ಇದಕ್ಕೂ ಮೊದಲು, 2002ರಲ್ಲಿ, ಅದೇ ಚಾನೆಲ್ 'ಎಕ್ಸ್‌ಟ್ರೀಮ್ ಮೇಕೋವರ್' ಅಂತ ಒಂದು ಕಾರ್ಯಕ್ರಮ ತಂದಿತ್ತು. ಅದರಲ್ಲಿ ಜನರಿಗೆ ಪ್ಲಾಸ್ಟಿಕ್ ಸರ್ಜರಿ ಮಾಡಿಸಿ ಹೊಸ ಮುಖ ತೋರಿಸುತ್ತಿದ್ದರು. ಮುಖದ ಮೇಲೆ ನಡೆದದ್ದನ್ನೇ ಆಮೇಲೆ ಮನೆಯ ಮೇಲೆ ನಡೆಸಿದರು.

ಆದರೂ ನನ್ನ ವೋಟು ಅತ್ತೆಗೆ.

ಯಾಕೆ ಅಂತ ಹೇಳುತ್ತೇನೆ. ಈ ಅಂಕಣಕ್ಕೆ ಬರುವ ಮುಂಚೆ ನನ್ನ ಉದ್ಯೋಗ ಕಟ್ಟಡಗಳ ಎಸ್ಟಿಮೇಟ್ ಬರೆಯುವುದು. ಬಾಗಿಲು ಎಷ್ಟು, ಸಿಮೆಂಟ್ ಎಷ್ಟು, ಕೂಲಿ ಎಷ್ಟು. ಹಾಗಾಗಿ ಬಸ್ಸು ಸರಿದಾಗ ಎಲ್ಲರೂ ಮುಖ ನೋಡಿದರೆ ನಾನು ಮುಂಬಾಗಿಲ ಹತ್ತಿರದ ಇಳಿಜಾರು ನೋಡುತ್ತೇನೆ. ವೀಲ್‌ಚೇರ್ ಇರುವ ಮನೆಯಾದರೆ 1 ಅಡಿ ಎತ್ತರ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ಬಾಗಿಲು ತೆರೆದಾಗ 32 ಇಂಚು ಜಾಗವಾದರೂ ಸಿಗಬೇಕು. ಬಚ್ಚಲಲ್ಲಿ ಗಾಡಿ ಒಂದು ಸುತ್ತು ತಿರುಗಲು 5 ಅಡಿ ಅಗಲ ಬೇಕು. ಇವು ಅಮೆರಿಕದ ನಿಯಮಗಳಲ್ಲಿ ಬರೆದಿಟ್ಟ ಅಳತೆಗಳು. ಹದಿನಾಲ್ಕು ವರ್ಷದ ಹುಡುಗನನ್ನು ಅಮ್ಮ ಎತ್ತಿಕೊಂಡು ಬಚ್ಚಲಿಗೆ ಹೋಗುವ ಮನೆಯಲ್ಲಿ ಆ 5 ಅಡಿ ಸಿಕ್ಕಿತು ಅಂದುಕೊಳ್ಳಿ. ಅಮ್ಮನ ಸೊಂಟ ಉಳಿಯಿತು. ಹುಡುಗ ಬಾಗಿಲು ಹಾಕಿಕೊಂಡು ತಾನೇ ಸ್ನಾನ ಮಾಡಿದ. ಅದನ್ನು ಯಾವ ಜಾಹೀರಾತಿನವರ ದುಡ್ಡಿನಲ್ಲಿ ಮಾಡಿದರೂ ನನಗೆ ಸಮ್ಮತ.

ನಿಮ್ಮ ಕಿರಿಕಿರಿಗೂ ಕಾರಣ ಇದೆ, ಅದನ್ನು ತಳ್ಳಿಹಾಕಬೇಡಿ. ನನ್ನ ಲೆಕ್ಕದಲ್ಲಿ ಅದು ಎರಡು ಕಡೆಯಿಂದ ಬರುತ್ತದೆ.

ಒಂದು, ಆ ಮನೆ ಪುಕ್ಕಟೆ ಅಲ್ಲ. ಅದಕ್ಕೆ ಕೊಡುವ ಬೆಲೆ ಅವರ ಕತೆ. ಎಷ್ಟು ಕಷ್ಟ, ಎಂಥ ಕಷ್ಟ, ಅದನ್ನು ಕ್ಯಾಮೆರಾ ಮುಂದೆ ಹೇಗೆ ಹೇಳುತ್ತೀರಿ ಅನ್ನುವುದರ ಮೇಲೆ ಆಯ್ಕೆ. ಇದು ಹೊಸದೂ ಅಲ್ಲ. ಅಮೆರಿಕದಲ್ಲಿ 1945ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1956ರಿಂದ 1964ರವರೆಗೆ ದೇಶಕ್ಕೆಲ್ಲ ಟಿವಿಯಲ್ಲಿ ಬಂದ 'ಕ್ವೀನ್ ಫಾರ್ ಎ ಡೇ' ಅಂತ ಒಂದು ಕಾರ್ಯಕ್ರಮವಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಗೋಳು ಹೇಳಬೇಕು. ಯಾರ ಗೋಳಿಗೆ ಜಾಸ್ತಿ ಚಪ್ಪಾಳೆ ಬಿತ್ತು ಅಂತ ಮೀಟರ್ ಇಟ್ಟು ಅಳೆಯುತ್ತಿದ್ದರು. ಗೆದ್ದವಳಿಗೆ ಕಿರೀಟ, ಕೆಂಪು ನಿಲುವಂಗಿ, ಅವಳು ಕೇಳಿದ ಸಾಮಾನು. ಸೋತವರ ಕಷ್ಟವೂ ಕಷ್ಟವೇ ಅಲ್ವಾ? ಚಪ್ಪಾಳೆ ಕಮ್ಮಿ ಬಿತ್ತು, ಅಷ್ಟೇ.

2006ರಲ್ಲಿ ನಿಮ್ಮ ಹೋಮ್ ಎಡಿಷನ್‌ನವರ ಒಂದು ಒಳಗಿನ ಇ-ಮೇಲ್ ಹೊರಗೆ ಬಂತು. ಎಂಥೆಂಥ ಕುಟುಂಬ ಹುಡುಕಬೇಕು ಅನ್ನುವ ಪಟ್ಟಿ ಅದು. ಮಕ್ಕಳು ಬಾಲ್ಯದಲ್ಲೇ ಮುದುಕರಂತಾಗುವ ಪ್ರೊಜೀರಿಯಾ ಅದರಲ್ಲಿತ್ತು. ನೋವೇ ಗೊತ್ತಾಗದ, ಹುಟ್ಟಿನಿಂದ ಬರುವ ಕಾಯಿಲೆಯೂ ಇತ್ತು. ತುಂಬ ಅಪರೂಪದ ಕಾಯಿಲೆಗಳು ಇವು. ಮನೆಯ ಛಾವಣಿ ಸೋರುತ್ತಿರುವ, ಆದರೆ ಬರೀ ಸಕ್ಕರೆ ಕಾಯಿಲೆ ಇರುವ ಒಬ್ಬ ಅಜ್ಜಿ ಆ ಪಟ್ಟಿಗೆ ಹೊಂದುವುದಿಲ್ಲ. ಸೋರುವ ಛಾವಣಿಗಿಂತ ಕಾಯಿಲೆಯ ಹೆಸರಿಗೆ ಬೆಲೆ ಜಾಸ್ತಿ ಆದಾಗ ನೋಡುವವರ ಹೊಟ್ಟೆಯಲ್ಲಿ ಏನೋ ಮುಲುಗುಟ್ಟುವುದು ಸಹಜ.

ಎರಡನೆಯದು ನನ್ನ ವೃತ್ತಿಯ ತಕರಾರು. ಮನೆ ಕಟ್ಟುವ ವಾರ ಮನೆಯವರೇ ಅಲ್ಲಿರುವುದಿಲ್ಲ! ಮೊದಲ ದಿನ ಬಂದು ಮಾತಾಡಿಸುತ್ತಾರೆ, ನಿಜ. ಆಮೇಲೆ ರಜೆಗೆ ಕಳಿಸಿಬಿಡುತ್ತಾರೆ. ಯಾಕೆಂದರೆ ಕೊನೆಗೆ ಅವರು ಬೆಚ್ಚಿ ಬೀಳಬೇಕು. ಆ ಬೆಚ್ಚುವಿಕೆ ಬೇಕಿರುವುದು ನಮಗೆ, ನೋಡುವವರಿಗೆ. ನಾನು ಕಂಡ ಯಾವ ಮನೆಯ ಕೆಲಸದಲ್ಲೂ ಯಜಮಾನಿ ಸುಮ್ನೆ ಕೂತದ್ದಿಲ್ಲ. 'ಸ್ವಿಚ್ ಅಲ್ಲಿ ಬೇಡ, ಇಲ್ಲಿರಲಿ.' 'ಒಲೆ ಈ ಕಡೆ ಇಟ್ಟರೆ ಬೆಳಕಿಗೆ ನಾನೇ ಅಡ್ಡ.' 'ಮೇಲಿನ ಶೆಲ್ಫು ನನಗೆ ಎಟುಕುವುದಿಲ್ಲ.' ಮೇಸ್ತ್ರಿಗೆ ತಲೆನೋವಾದರೂ ಮನೆ ಅವರದಾಗುವುದು ಆ ಕಿರಿಕಿರಿಯಿಂದಲೇ. ಇಲ್ಲಿ ಅದಕ್ಕೆ ಜಾಗವಿಲ್ಲ. ಹುಡುಗ ಒಂದು ಸಲ 'ನನಗೆ ವಿಮಾನ ಇಷ್ಟ' ಅಂದ ಅಂತ ಕೋಣೆಗೆ ಕೋಣೆಯನ್ನೇ ವಿಮಾನ ಮಾಡಿಬಿಡುತ್ತಾರೆ. ಎರಡು ವರ್ಷಕ್ಕೆ ಅವನಿಗೆ ಕ್ರಿಕೆಟ್ ಹುಚ್ಚೋ ಗಿಟಾರ್ ಹುಚ್ಚೋ ಹಿಡಿಯುತ್ತದೆ. ಗೋಡೆಗೆ ಬಿಗಿದ ರೆಕ್ಕೆ ಬಿಚ್ಚುವವರು ಯಾರು?

ಈಗ ಅತ್ತೆಯ ಪ್ರಶ್ನೆ. ಪಕ್ಕದ ಮನೆಯವರಿಗೆ ಏನೂ ಕೊಡಲಿಲ್ಲ. ಎಷ್ಟೋ ಸಲ ಆ ಪಕ್ಕದವರೇ ಬಂದು ಹಲಗೆ ಹೊತ್ತು, ಮೊಳೆ ಹೊಡೆದು ಹೋಗಿರುತ್ತಾರೆ. ಕಾರ್ಯಕ್ರಮದ ಒಳ್ಳೆಯ ಭಾಗ ಅಂದರೆ ನನಗೆ ಅದೇ. ಆದರೆ ಅತ್ತೆ ಕೇಳಿದ್ದು ಬೇರೆ ಅಂತ ಗೊತ್ತು. ಒಂದು ಬೀದಿಯಲ್ಲಿ ಹತ್ತು ಮನೆ ಸೋರುತ್ತಿರುವಾಗ ಒಂದಕ್ಕೆ ಅರಮನೆ ಯಾಕೆ? ಉತ್ತರ ಸುಲಭ: ಒಂದು ಅರಮನೆ ಒಂದು ಕಂತಾಗುತ್ತದೆ, ಹತ್ತು ಛಾವಣಿ ರಿಪೇರಿ ಕಂತಾಗುವುದಿಲ್ಲ.

ಬೇರೆ ರೀತಿಯೂ ಇದೆ ಅಂತ ಅತ್ತೆಗೆ ಹೇಳಿ. ಬ್ರಿಟನ್ನಿನ ಬಿಬಿಸಿಯಲ್ಲಿ 'ಡಿಐವೈ ಎಸ್‌ಓಎಸ್' ಅಂತ ಒಂದು ಕಾರ್ಯಕ್ರಮ 1999ರಿಂದ ಬರುತ್ತಿದೆ. ಮೊದಮೊದಲು ಅರ್ಧಕ್ಕೆ ಬಿಟ್ಟ ಮನೆ ರಿಪೇರಿ ಮುಗಿಸಿಕೊಡುತ್ತಿದ್ದರು. 2010ರಿಂದ 'ಬಿಗ್ ಬಿಲ್ಡ್' ಅಂತ ದೊಡ್ಡ ಕೆಲಸಕ್ಕೆ ಇಳಿದರು. ಅಲ್ಲಿ ಬಿಬಿಸಿ ಜಾಹೀರಾತು ಹಾಕುವುದಿಲ್ಲ. ಸುತ್ತಲಿನ ಗಾರೆಯವರು, ಪ್ಲಂಬರ್‌ಗಳು, ಬಡಗಿಗಳು ಕೂಲಿ ಇಲ್ಲದೆ ಬರುತ್ತಾರೆ. ಕ್ಯಾಮೆರಾ ಅವರ ಕೈಕೆಲಸದ ಮೇಲೂ ನಿಲ್ಲುತ್ತದೆ. ಅಲ್ಲೂ ಕಣ್ಣೀರಿದೆ, ಕೊನೆಗೆ ಬಾಗಿಲು ತೆರೆಯುವ ನಾಟಕವೂ ಇದೆ. ಆದರೆ 2015ರಲ್ಲಿ ಅವರು ಮ್ಯಾಂಚೆಸ್ಟರಿನಲ್ಲಿ ಖಾಲಿ ಬಿದ್ದಿದ್ದ ಒಂದು ಬೀದಿಯ ಮನೆಗಳನ್ನು ಮಾಜಿ ಸೈನಿಕರಿಗಾಗಿ ಎಬ್ಬಿಸಿ ನಿಲ್ಲಿಸಿದರು. ರಾಜಕುಮಾರರಾದ ವಿಲಿಯಂ, ಹ್ಯಾರಿ ಇಬ್ಬರೂ ಅಲ್ಲಿಗೆ ಬಂದು ಕೈ ಹಾಕಿದರು. ಅಂದರೆ ಪಕ್ಕದ ಮನೆಗೂ ಸಿಕ್ಕಿತು.

ಕ್ಯಾಮೆರಾನೇ ಇಲ್ಲದ ದಾರಿಯೂ ಉಂಟು. 'ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ' ಅನ್ನುವ ಸಂಸ್ಥೆ 1976ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿತು. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1984ರಿಂದ ಅದಕ್ಕಾಗಿ ಸುತ್ತಿಗೆ ಹಿಡಿದು ಕೆಲಸ ಮಾಡುತ್ತಿದ್ದರು. ಅಲ್ಲಿ ಮನೆ ಸಾಧಾರಣದ್ದು. ಮನೆ ಪಡೆಯುವವರೂ ಸ್ವಯಂಸೇವಕರ ಜೊತೆ ನಿಂತು ದುಡಿಯಬೇಕು. ಆಮೇಲೆ ಕೈಗೆಟುಕುವ ಕಂತಿನಲ್ಲಿ ಸಾಲ ತೀರಿಸಬೇಕು. ನೋಡಲು ಏನೂ ಮಜಾ ಇಲ್ಲ. ಆದರೆ ಗೋಡೆ ಏಳುವಾಗ ಯಜಮಾನಿ ಅಲ್ಲೇ ಇರುತ್ತಾಳೆ. ಸ್ವಿಚ್ಚಿನ ಬಗ್ಗೆ ಜಗಳ ಆಡಬಹುದು.

ನೀವು ಕಾರ್ಯಕ್ರಮ ನೋಡುವುದು ಬಿಡಬೇಕಾಗಿಲ್ಲ. ಅಳುವುದನ್ನೂ ಬಿಡಬೇಕಾಗಿಲ್ಲ. ನಾನೂ ನೋಡುತ್ತೇನೆ. ಕತೆ ಹೇಳಿಸುವ ಭಾಗ ಬಂದಾಗ ಮುಂದಕ್ಕೆ ಓಡಿಸುತ್ತೇನೆ, ತಳಪಾಯಕ್ಕೆ ಬಂದಾಗ ನಿಲ್ಲಿಸುತ್ತೇನೆ.

ಪ್ರಶ್ನೆ: 7 ದಿನದಲ್ಲಿ ಕಟ್ಟಿದ ಮನೆ ಗಟ್ಟಿ ಇರುತ್ತದೆಯೇ? ಅಥವಾ ಅದೂ ಟಿವಿ ಸುಳ್ಳೇ?

ಉತ್ತರ: ಕಟ್ಟುವುದು ಸಾಧ್ಯ. ಗೋಡೆಗಳು ಮರದ ಚೌಕಟ್ಟಿನವು, ಇಟ್ಟಿಗೆ ಕಟ್ಟಿ ಒಣಗಿಸುವ ಗೋಜಿಲ್ಲ. ಹಗಲು ರಾತ್ರಿ ಪಾಳಿಯಲ್ಲಿ ನೂರಾರು ಜನ ದುಡಿಯುತ್ತಾರೆ. ನಕ್ಷೆ, ಪರವಾನಗಿ, ಸಾಮಾನು ಎಲ್ಲ ಮುಂಚೆಯೇ ಸಿದ್ಧ ಇರಬೇಕು, ಇಲ್ಲದಿದ್ದರೆ ಇದು ಆಗುವ ಮಾತಲ್ಲ. ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಅಳೆಯುವುದು ವಾಡಿಕೆ. ಆದರೆ ಬೇಗ ಗಟ್ಟಿಯಾಗುವ ಮಿಶ್ರಣಗಳೂ ಸಿಗುತ್ತವೆ. ನನ್ನ ಅನುಮಾನ ಗೋಡೆ ಬೀಳುತ್ತದೆ ಅಂತಲ್ಲ. ಯಾವ ಹೊಸ ಮನೆಯಲ್ಲೂ ಮೊದಲ ಒಂದೆರಡು ವರ್ಷ ಸಣ್ಣ ಬಿರುಕು, ಅಂಟುವ ಬಾಗಿಲು, ಜಿನುಗುವ ಪೈಪು ಇದ್ದದ್ದೇ. ಆಗ ಕರೆದರೆ ಬರುವವರು ಬೇಕು. ಉಚಿತವಾಗಿ ದುಡಿದು ಹೋದ ನೂರಾರು ಜನರಲ್ಲಿ ಯಾರಿಗೆ ಫೋನ್ ಮಾಡುವುದು?

ಪ್ರಶ್ನೆ: ಅಷ್ಟು ದೊಡ್ಡ ಮನೆ ಉಡುಗೊರೆ ಬಂದರೆ ತೆರಿಗೆ ಕಟ್ಟಬೇಕಲ್ಲವೇ? ಬಡವರು ಎಲ್ಲಿಂದ ತರುತ್ತಾರೆ?

ಉತ್ತರ: ಒಳ್ಳೆಯ ಪ್ರಶ್ನೆ, ಎಸ್ಟಿಮೇಟ್ ಬರೆಯುವವಳಿಗೆ ಖುಷಿ ಕೊಡುವ ಪ್ರಶ್ನೆ. ಅಮೆರಿಕದಲ್ಲಿ ಗೆದ್ದ ಬಹುಮಾನವೂ ಆದಾಯವೇ. 2004ರಲ್ಲಿ ಓಪ್ರಾ ವಿನ್‌ಫ್ರೇ ತಮ್ಮ ಕಾರ್ಯಕ್ರಮದಲ್ಲಿ ಪ್ರೇಕ್ಷಕರಿಗೆಲ್ಲ 276 ಕಾರು ಹಂಚಿದರು. ಕುಣಿದಾಡಿದವರಿಗೆ ಆಮೇಲೆ ಗೊತ್ತಾಯಿತು, ಒಂದು ಕಾರಿಗೆ 7,000 ಡಾಲರ್‌ವರೆಗೆ ತೆರಿಗೆ ಬೀಳಬಹುದು ಅಂತ.

ಮನೆ ಕಟ್ಟುವವರು ಇದಕ್ಕೆ ಒಂದು ದಾರಿ ಹುಡುಕಿದರು. ಅಲ್ಲಿನ ಆದಾಯ ತೆರಿಗೆ ಕಾನೂನಿನಲ್ಲಿ ಒಂದು ಸಣ್ಣ ರಿಯಾಯಿತಿ ಇದೆ. ನೀವು ವಾಸಿಸುವ ಮನೆಯನ್ನು ವರ್ಷಕ್ಕೆ 15 ದಿನಕ್ಕಿಂತ ಕಮ್ಮಿ ಬಾಡಿಗೆಗೆ ಕೊಟ್ಟರೆ ಆ ಬಾಡಿಗೆಗೆ ತೆರಿಗೆ ಇಲ್ಲ. ಕಾರ್ಯಕ್ರಮದವರು ಶೂಟಿಂಗಿಗೆ ಅಂತ ಮನೆಯನ್ನು ಬಾಡಿಗೆಗೆ ಪಡೆದರು. ಮನೆಗೆ ಮಾಡಿದ ಸುಧಾರಣೆಯೇ ಬಾಡಿಗೆ ಅಂದರು. ಇದು ನಿಲ್ಲುವ ವಾದವೇ ಅಂತ ತೆರಿಗೆ ತಜ್ಞರು ಆಗಲೇ ಹುಬ್ಬೇರಿಸಿದ್ದರು. ನನಗೂ ಸ್ವಲ್ಪ ನಗು ಬಂತು. ಮನೆಗೆ ಮನೆಯೇ ಬಾಡಿಗೆ!

ಅಲ್ಲಿಗೆ ಒಂದು ತೆರಿಗೆ ತಪ್ಪಿತು. ವರ್ಷ ವರ್ಷ ಕಟ್ಟುವ ಆಸ್ತಿ ತೆರಿಗೆ ತಪ್ಪುವುದಿಲ್ಲ. ಮನೆಯ ಬೆಲೆ ಏರಿದರೆ ಅದೂ ಏರುತ್ತದೆ. ದೊಡ್ಡ ಮನೆಗೆ ಕರೆಂಟು ಜಾಸ್ತಿ, ವಿಮೆ ಜಾಸ್ತಿ, ಗುಡಿಸಿ ಒರೆಸುವುದೂ ಜಾಸ್ತಿ. ಬದುಕುವ ದುಡ್ಡು ಮೊದಲಿನಷ್ಟೇ ಇದ್ದು ಮನೆ ಮಾತ್ರ ಮೂರು ಪಟ್ಟಾದರೆ, ಅದು ಸಣ್ಣ ಸಂಸಾರಕ್ಕೆ ಆನೆ ಕಟ್ಟಿಕೊಟ್ಟ ಹಾಗೆ.

ಪ್ರಶ್ನೆ: ಅಟ್ಲಾಂಟಾ ಹತ್ತಿರ ಹೀಗೆ ಸಿಕ್ಕ ಮನೆಯನ್ನು ಒಂದು ಕುಟುಂಬ ಅಡವಿಟ್ಟು ಕಳೆದುಕೊಂಡಿತಂತೆ. ಕೊಟ್ಟದ್ದನ್ನು ಉಳಿಸಿಕೊಳ್ಳದವರಿಗೆ ಯಾಕೆ ಕೊಡಬೇಕು? ದಾನಕ್ಕೂ ಪಾತ್ರತೆ ಬೇಡವೇ?

ಉತ್ತರ: ನಡೆದದ್ದು ನಿಜ. 2005ರಲ್ಲಿ ಕಟ್ಟಿದ ಮನೆ. ನೂರಾರು ಸ್ವಯಂಸೇವಕರು ದುಡಿದಿದ್ದರು. ಆ ಕುಟುಂಬ ಕಟ್ಟಡದ ವ್ಯಾಪಾರ ಶುರು ಮಾಡಲು ಅದನ್ನು ಅಡವಿಟ್ಟು 4.5 ಲಕ್ಷ ಡಾಲರ್ ಸಾಲ ತೆಗೆಯಿತು. ವ್ಯಾಪಾರ ಕೈಕೊಟ್ಟಿತು. 2008ರಲ್ಲಿ ಮನೆ ಹರಾಜಿನ ನೋಟಿಸಿಗೆ ಬಂತು. ಮೊಳೆ ಹೊಡೆದ ಊರಿನವರಿಗೆ ತುಂಬ ಸಿಟ್ಟು ಬಂತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಅವರ ಬೆವರು ಅಲ್ಲಿತ್ತು. ನಿಮ್ಮ ಸಿಟ್ಟು ಮಾತ್ರ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ಕ್ಷಮಿಸಿ.

2008 ಎಂಥ ವರ್ಷ ಅಂತ ನೆನಪಿಸಿಕೊಳ್ಳಿ. ಆ ದೇಶದಲ್ಲಿ ಲಕ್ಷಗಟ್ಟಲೆ ಜನ ಮನೆ ಕಳೆದುಕೊಂಡರು. ದೊಡ್ಡ ದೊಡ್ಡ ಬ್ಯಾಂಕುಗಳೇ ಮಗುಚಿಬಿದ್ದವು. ಮನೆ ಅಡವಿಟ್ಟು ವ್ಯಾಪಾರಕ್ಕೆ ಕೈ ಹಾಕುವುದು ಉಳ್ಳವರು ದಿನವೂ ಮಾಡುವ ಕೆಲಸ. ಗೆದ್ದರೆ ಧೈರ್ಯ ಅನ್ನುತ್ತೇವೆ, ಸೋತರೆ ದುಡುಕು ಅನ್ನುತ್ತೇವೆ. ಉಡುಗೊರೆ ಪಡೆದವರು ಮಾಡಿದರೆ ದ್ರೋಹ ಅನ್ನುತ್ತೇವೆ. ಒಂದು ಸಲ ಕೊಟ್ಟ ಮೇಲೆ ಅದು ಅವರದು. ನಮ್ಮ ಕಣ್ಣ ಮುಂದೆ ಅತ್ತರು ಅನ್ನುವ ಒಂದೇ ಕಾರಣಕ್ಕೆ ಅವರ ಮುಂದಿನ ಲೆಕ್ಕಪತ್ರ ನೋಡುವ ಹಕ್ಕು ನಮಗೆ ಹೇಗೆ ಬಂತು?

ಪಾತ್ರತೆಯ ಮಾತು ಬಂತಲ್ಲ. ಕಾರ್ಯಕ್ರಮದವರೂ ಪಾತ್ರತೆಯನ್ನೇ ಹುಡುಕುತ್ತಾರೆ. ಯಾವ ಪಟ್ಟಿ ಹಿಡಿದು ಹುಡುಕುತ್ತಾರೆ ಅಂತ ಮೇಲಿನ ಉತ್ತರದಲ್ಲಿ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮನೆ ತುಂಬ ಹಾಳಾಗಿದೆ. ಮಗಳಿಗೆ ಕಾಲು ಸ್ವಾಧೀನವಿಲ್ಲ. ಇಂಥ ಒಂದು ಕಾರ್ಯಕ್ರಮಕ್ಕೆ ಅವರ ಹೆಸರು ಕಳಿಸಬೇಕು ಅಂತಿದ್ದೇನೆ. ಅವರಿಗೆ ಹೇಳದೆ ಕಳಿಸಿ ಆಮೇಲೆ ಖುಷಿ ಕೊಡೋಣ ಅನ್ನಿಸುತ್ತದೆ. ಮಾಡಲೇ?

ಉತ್ತರ: ಹೇಳದೆ ಮಾತ್ರ ಕಳಿಸಬೇಡಿ. ನಿಮ್ಮ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗಿಯ ಕಾಲು, ಆ ಮನೆಯ ಸೋರುವ ಗೋಡೆ ಅವರ ಖಾಸಗಿ ಸಂಗತಿ. ಅರ್ಜಿಯಲ್ಲಿ ಅದನ್ನೆಲ್ಲ ಬರೆಯಬೇಕಾಗುತ್ತದೆ. ಬರೆಯುವ ಹಕ್ಕು ಅವರದು. ಹುಡುಗಿ ಸ್ವಲ್ಪ ದೊಡ್ಡವಳಾಗಿದ್ದರೆ ಅವಳನ್ನೇ ಕೇಳಿ. ಅಪ್ಪ ಅಮ್ಮ ಹೂಂ ಅಂದರೂ ಅವಳು ಬೇಡ ಅನ್ನಬಹುದು. ಶಾಲೆಯಲ್ಲಿ ಎಲ್ಲರೂ ತನ್ನನ್ನು ಟಿವಿಯ ಆ ಹುಡುಗಿ ಅನ್ನುವುದು ಅವಳಿಗೆ ಬೇಡವಿರಬಹುದು.

ಅವರೆಲ್ಲ ಒಪ್ಪಿದರು ಅಂದುಕೊಳ್ಳಿ. ಆಗ ಮೊದಲು ನೋಡಬೇಕಾದದ್ದು ಆಸ್ತಿ ಯಾರ ಹೆಸರಿನಲ್ಲಿದೆ ಅಂತ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಹೋಮ್ ಎಡಿಷನ್‌ನ 2005ರ ಒಂದು ಕಂತಿನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಐವರು ಒಡಹುಟ್ಟಿದವರಿದ್ದರು. ಅವರಿಗೆ ಆಶ್ರಯ ಕೊಟ್ಟ ಇನ್ನೊಂದು ಕುಟುಂಬದ ಮನೆಯನ್ನು ಕೆಡವಿ ದೊಡ್ಡದಾಗಿ ಕಟ್ಟಿದರು. ಮನೆ ಆ ಕುಟುಂಬದ್ದು. ಸ್ವಲ್ಪ ಸಮಯಕ್ಕೇ ಒಡಕು ಬಂತು, ಐವರೂ ಹೊರಗೆ ಬಂದರು. ಕಾರ್ಯಕ್ರಮದವರ ಮೇಲೂ ಆ ಕುಟುಂಬದ ಮೇಲೂ ಕೇಸು ಹಾಕಿದರು. ಯಾರದು ತಪ್ಪು ಅನ್ನುವುದಕ್ಕೆ ನಾನು ಹೋಗುವುದಿಲ್ಲ. ಯಾರ ಕತೆಗೆ ಮನೆ ಬಂತೋ ಅವರಿಗೆ ಮನೆಯಲ್ಲಿ ಪಾಲಿರಲಿಲ್ಲ ಅನ್ನುವುದಷ್ಟೇ ನನ್ನ ಕಣ್ಣಿಗೆ ಬಿದ್ದದ್ದು.

ಅದೇ ಕೇಸಿನಿಂದ ಇನ್ನೊಂದು ವಿಷಯ. ಆ ಮಕ್ಕಳು ಸಹಿ ಹಾಕಿದ ಒಪ್ಪಂದ ಒತ್ತೊತ್ತಾಗಿ ಅಚ್ಚು ಮಾಡಿದ 24 ಪುಟ, 72 ಕಲಮು. ಜಗಳ ಬಂದರೆ ಕೋರ್ಟಿಗೆ ಹೋಗದೆ ಪಂಚರ ಮುಂದೆ ತೀರಿಸಿಕೊಳ್ಳಬೇಕು ಅನ್ನುವ ಷರತ್ತು ಕೊನೆಯ ಕಡೆ, ಇತರೆ ವಿಷಯಗಳ ನಡುವೆ ಅವಿತು ಕೂತಿತ್ತು. 2006ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟು ಆ ಷರತ್ತು ನ್ಯಾಯವಲ್ಲ, ಅದು ಈ ಮಕ್ಕಳನ್ನು ಕಟ್ಟಿಹಾಕುವುದಿಲ್ಲ ಅಂದಿತು. ಆದ್ದರಿಂದ ನಿಮ್ಮ ಸ್ನೇಹಿತರಿಗೆ ಹೇಳಿ, ಒಪ್ಪಂದದ ಪ್ರತಿ ಮನೆಗೆ ತರಲಿ. ವಕೀಲರೊಬ್ಬರು ಓದಲಿ. ಅಲ್ಲೇ ನಿಂತು ಸಹಿ ಹಾಕಿ ಅಂದರೆ ಹಾಕಬಾರದು.

ಇನ್ನು ಕೇಳಬೇಕಾದ ಪ್ರಶ್ನೆಗಳು ಸಣ್ಣವು. ಕೆಲಸ ನಡೆಯುವಾಗ ಮನೆಯವರು ದಿನಕ್ಕೊಮ್ಮೆ ಬಂದು ನೋಡಬಹುದೇ? ಯಾವ ಕೋಣೆಯಲ್ಲಿ ಕ್ಯಾಮೆರಾ ಬೇಡ ಅಂತ ಹೇಳಬಹುದೇ? ಒಂದು ವರ್ಷ ಆದ ಮೇಲೆ ಪೈಪು ಸೋರಿದರೆ ಯಾರನ್ನು ಕರೆಯಬೇಕು, ಅದು ಬರಹದಲ್ಲಿ ಇದೆಯೇ? ಆಸ್ತಿ ತೆರಿಗೆ ಎಷ್ಟು ಏರುತ್ತದೆ? ಇದಕ್ಕೆಲ್ಲ ಅವರು ಮುಖ ಸಿಂಡರಿಸಿದರೆ ನಿಮಗೆ ಉತ್ತರ ಸಿಕ್ಕಿತು.

ಈ ನಡುವೆ, ಅರ್ಜಿ ಹೋಗಲಿ ಬಿಡಲಿ, ನೀವೇ ಒಂದು ಟೇಪು ಹಿಡಿದು ಅವರ ಮನೆಗೆ ಹೋಗಿ. ಬಚ್ಚಲ ಬಾಗಿಲು, ಹೊಸ್ತಿಲಿನ ಎತ್ತರ, ಮೆಟ್ಟಿಲು, ಮೂರರ ಅಳತೆ ಬರೆದು ಈ ಅಂಕಣದ ವಿಳಾಸಕ್ಕೆ ಕಳಿಸಿ. ಬಾಗಿಲು ಅಗಲ ಮಾಡಿ ಒಂದು ಇಳಿಜಾರು ಹಾಕಲು ಏನೇನು ಬೇಕು, ಯಾವುದನ್ನು ಮೊದಲು ಮಾಡಬೇಕು ಅಂತ ಎಸ್ಟಿಮೇಟ್ ನಾನು ಬರೆದುಕೊಡುತ್ತೇನೆ.